ಎರಡು ಬೆರಳಿನ ಸಡಿಲ

ಫುಸ್ ಎಂದು ಸಣ್ಣಗೆ ಗಾಳಿ ಹೊರಬಿದ್ದ ಸದ್ದು. ಸೈಕಲ್ಲಿನ ಟ್ಯೂಬಲ್ಲ, ಇಸ್ತ್ರಿಪೆಟ್ಟಿಗೆಯ ಹಬೆಯೂ ಅಲ್ಲ. ಕನ್ನಡಿಯ ಮುಂದೆ ನಿಂತಿದ್ದ ಬ್ಯಾಂಕ್ ಮ್ಯಾನೇಜರು ಕಡೆಗೂ ಉಸಿರು ಬಿಟ್ಟಿದ್ದರು. ಅದಕ್ಕಾಗಿಯೇ ಕಾದಿದ್ದ ದರ್ಜಿ ತಟಕ್ಕನೆ ಟೇಪು ಬಿಗಿದು ಸೊಂಟದ ಅಳತೆ ತೆಗೆದುಕೊಂಡ.

ಅಳತೆಗೆ ನಿಂತ ಗಂಡಸರೆಲ್ಲ ಹೊಟ್ಟೆಯನ್ನು ಒಳಗೆಳೆದುಕೊಳ್ಳುತ್ತಾರೆ. ಆ ಅಳತೆಗೆ ಪ್ಯಾಂಟು ಹೊಲಿದರೆ ಮೊದಲ ಊಟಕ್ಕೇ ಗುಂಡಿ ಹಾರಿ, ಬೈಗುಳ ಮಾತ್ರ ಅಂಗಡಿಗೆ ವಾಪಸು ಬರುತ್ತದೆ. ಆದ್ದರಿಂದ ದರ್ಜಿ ಟೇಪನ್ನು ಸುಮ್ಮನೆ ಸುತ್ತಿ ಹಿಡಿದು, ಏನೂ ಅವಸರವಿಲ್ಲದವನಂತೆ, ಗಿರಾಕಿಯ ಹೆಂಡತಿಯ ತವರಿನವರು ಹೇಗಿದ್ದಾರೆ ಎಂದು ವಿಚಾರಿಸುತ್ತಿದ್ದ. ಆ ಮಾತು ಬಂದಮೇಲೂ ಉಸಿರು ಬಿಗಿಹಿಡಿದು ನಿಲ್ಲಬಲ್ಲ ಗಂಡಸನ್ನು ಅವನು ಇನ್ನೂ ಕಂಡಿರಲಿಲ್ಲ. ಈ ಉಪಾಯ ಅಕ್ಕನದು. ಕತ್ತರಿ ಹಿಡಿಯುವುದನ್ನು ಕಲಿಸಿದವಳೂ ಅಕ್ಕನೇ.

ಆ ಅಕ್ಕನಿಗೆ ಈಗ ಎರಡು ಕಿಡ್ನಿಗಳೂ ಕೈಕೊಟ್ಟಿದ್ದವು. ದಿನ ಬಿಟ್ಟು ದಿನ ಆಸ್ಪತ್ರೆಯ ಯಂತ್ರದ ಪಕ್ಕ ಮಲಗಿ ರಕ್ತ ತೊಳೆಸಿಕೊಂಡು ಬರುತ್ತಿದ್ದಳು. ತಮ್ಮನದು ಹೊಂದುತ್ತದೆ ಎಂದು ಗೊತ್ತಾದ ದಿನ ದರ್ಜಿ, ಡಬ್ಬಿಯಿಂದ ಗುಂಡಿ ತೆಗೆದುಕೊಡುವಷ್ಟು ಸಲೀಸಾಗಿ, ಒಂದು ತಗೊಳ್ಳಿ ಎಂದುಬಿಟ್ಟಿದ್ದ. ಡಾಕ್ಟರಮ್ಮ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ನಡುವೆ ಒಂದು ಕಡೆ ಅವರ ಕಣ್ಣು ಕೊಂಚ ಹೆಚ್ಚು ಹೊತ್ತು ತಂಗಿತು. ನಿಮ್ಮ ಮೈಯಲ್ಲಿ ಕೊಬ್ಬು ನೂರಕ್ಕೆ ಇಪ್ಪತ್ತೈದಕ್ಕಿಂತ ಕೆಳಗಿಳಿಯಲಿ, ಆಮೇಲೆ ಮುಂದಿನ ಪರೀಕ್ಷೆ ಎಂದರು. ಅಂದಾಜನ್ನು ಮನೆಯಲ್ಲೇ ಮಾಡಿಕೊಳ್ಳಬಹುದಂತೆ. ಕತ್ತಿನ ಸುತ್ತು, ಸೊಂಟದ ಸುತ್ತು, ಎತ್ತರ, ಇಷ್ಟನ್ನು ಮೊಬೈಲಿಗೆ ಹೇಳಿದರೆ ಅದು ಲೆಕ್ಕ ಹಾಕಿ ಕೊಡುತ್ತದೆ. ಮನೆಯಲ್ಲಿ ಟೇಪು ಇದೆಯಾ ಎಂದು ಅವರು ಕೇಳಿದಾಗ, ಅಂಗಡಿಯಿಂದ ಹಾಗೇ ಎದ್ದು ಬಂದಿದ್ದ ದರ್ಜಿಯ ಕೊರಳಲ್ಲಿ ಅದು ನೇತಾಡುತ್ತಿತ್ತು.

ಅಂದಿನಿಂದ ಬೆಳಗ್ಗೆ ಅಂಗಡಿ ತೆರೆದ ಕೂಡಲೇ ಅವನು ಬಟ್ಟೆ ತೊಟ್ಟುನೋಡುವ ಮೂಲೆಯ ಪರದೆ ಎಳೆದುಕೊಳ್ಳುತ್ತಿದ್ದ. ಜೀವಮಾನವೆಲ್ಲ ಬೇರೆಯವರ ಹೊಟ್ಟೆಯ ಗುಟ್ಟು ಹಿಡಿದವನು ತನ್ನ ಹೊಟ್ಟೆಯೆದುರು ಮಾತ್ರ ಶುದ್ಧ ಕಳ್ಳನಾದ. ಕಣ್ಣು ಹೊರಬೀಳುವಷ್ಟು ಉಸಿರೆಳೆದರೆ ಹೊಟ್ಟೆ ಮೇಲೇರಿ ಎದೆಯಲ್ಲಿ ಹೋಗಿ ಕೂರುತ್ತಿತ್ತು. ಅದನ್ನವನು ಕಸರತ್ತು ಮಾಡಿದ ಎದೆ ಎಂದು ಭಾವಿಸಿದ. ಕತ್ತು ದಪ್ಪವಿದ್ದಷ್ಟೂ ಕೊಬ್ಬಿನ ಲೆಕ್ಕ ಇಳಿಯುತ್ತದೆಂದು ತಿಳಿದ ಮೇಲಂತೂ ಓತಿಕ್ಯಾತದ ಹಾಗೆ ಕತ್ತನ್ನೂ ಉಬ್ಬಿಸತೊಡಗಿದ. ಉಸಿರು ಒಳಗೆ, ಕತ್ತು ಹೊರಗೆ, ಎರಡೂ ಒಟ್ಟಿಗೆ ಆಗಬೇಕು. ಕನ್ನಡಿಯಲ್ಲಿ ಕಾಣುತ್ತಿದ್ದ ಆ ಕೆಂಪು ಮುಖದವನು ಗಿರಾಕಿಯಾಗಿದ್ದರೆ ಮೊದಲು ಒಂದು ಲೋಟ ನೀರು ಕೊಡುತ್ತಿದ್ದೆ ಅನ್ನಿಸಿತು. ಆದರೂ ಟೇಪು ಮೂವತ್ತೇಳು ಇಂಚಿಗೆ ಬಂತು. ಮೊಬೈಲು ಪಾಪ, ಹೇಳಿದ್ದನ್ನೆಲ್ಲ ನಂಬಿ ಇಪ್ಪತ್ತನಾಲ್ಕು ಎಂದಿತು.

ಮನೆಯಲ್ಲಿ ಈ ಸುದ್ದಿಯನ್ನು ಬೆನ್ನು ತಟ್ಟಿಕೊಳ್ಳುತ್ತಲೇ ಹೇಳಿದ. ಹೆಂಡತಿ ಅವನ ಸುತ್ತ ಒಂದು ಸಲ ನಡೆದುಬಂದಳು.

"ಇಳಿದಿದ್ದು ಎಲ್ಲಿ ಹೋಯ್ತು? ಮನೇಲೇ ಎಲ್ಲೋ ಬಿದ್ದಿರತ್ತೆ ನೋಡಿ, ಯಾರಾದ್ರೂ ಎಡವಿ ಬಿದ್ದಾರು."

ಇವತ್ತು ಮ್ಯಾನೇಜರು ಅಳತೆ ಕೊಟ್ಟು ಹೋದ ಸ್ವಲ್ಪ ಹೊತ್ತಿಗೆ ಅಕ್ಕ ಬಂದಳು. ಆಸ್ಪತ್ರೆಯಿಂದ ನೇರ ಬಂದಿದ್ದಳು. ತೋಳಿಗೆ ಪಟ್ಟಿ, ಮುಖದಲ್ಲಿ ಬಣ್ಣವಿಲ್ಲ. ಗಿರಾಕಿಗಳ ಬೆಂಚಿನ ಮೇಲೆ ಕೂತು ಸುಧಾರಿಸಿಕೊಂಡಳು. ದರ್ಜಿ ಇಪ್ಪತ್ತನಾಲ್ಕರ ಸುದ್ದಿ ಹೇಳಿ, ನಾಳೆಯೇ ಡಾಕ್ಟರಮ್ಮನನ್ನು ನೋಡುತ್ತೇನೆ ಎಂದ. ಅಕ್ಕ ಅವನ ಕೊರಳಿನಿಂದ ಟೇಪು ಎಳೆದುಕೊಂಡಳು.

"ನಿಂತ್ಕೋ ಗುಂಡ. ಒಂದ್ಸಲ ನಾನು ನೋಡ್ತೀನಿ."

ಅವನು ಉಸಿರು ಕಟ್ಟಿ ನಿಂತ. ಅಕ್ಕ ಸುತ್ತಿ ಹಿಡಿದು ಕಾದಳು. ಕಿಟಕಿಯಾಚೆ ನೋಡುತ್ತ, ಚಿಕ್ಕಂದಿನಲ್ಲಿ ಅಮ್ಮನ ಹೊಲಿಗೆ ಮಿಷಿನ್ನಿನ ಕೆಳಗೆ ಬಿಸ್ಕತ್ತು ಬಚ್ಚಿಡುತ್ತಿದ್ದವರು ಯಾರು, ಏಟು ತಿಂದವರು ಯಾರು ಎಂದು ಕೇಳಿದಳು. ದರ್ಜಿಗೆ ಆ ಅನ್ಯಾಯ ಇವತ್ತಿಗೂ ಆರಿರಲಿಲ್ಲ. ಬಚ್ಚಿಟ್ಟವಳು ನೀನು, ತಿಂದವಳೂ ನೀನು, ಏಟು ಮಾತ್ರ ನನಗೆ ಎಂದು ಬಾಯಿ ತೆರೆದ.

ಫುಸ್.

"ನಲವತ್ತು" ಎಂದಳು ಅಕ್ಕ.

ಕತ್ತಿನ ಅಳತೆಯನ್ನೂ ಸೇರಿಸಿದಾಗ ಮೊಬೈಲು ಇಪ್ಪತ್ತೊಂಬತ್ತು ಎಂದಿತು. ದರ್ಜಿಯ ಮುಖ ಹುಳ್ಳಗಾಯಿತು. ತಾನೇ ಹೆಣೆದ ಬಲೆಗೆ ತಾನೇ ಹೊಟ್ಟೆಸಮೇತ ಬಿದ್ದಿದ್ದ. ಆದರೆ ಅಕ್ಕನ ಮುಖದಲ್ಲಿ ಅವನು ಎಣಿಸಿರದ ಒಂದು ನಿರಾಳ ಕಂಡಿತು. ಹೊತ್ತ ಬಿಂದಿಗೆಯನ್ನು ಕೆಳಗಿಟ್ಟವಳ ಹಾಗೆ. ಆಯಿತಲ್ಲ, ನಿನ್ನಿಂದ ಆಗುವುದಿಲ್ಲ, ಬಿಟ್ಟುಬಿಡು ಎಂದು ಟೇಪು ಮಡಿಸತೊಡಗಿದಳು.

ಆಗ ದರ್ಜಿಗೆ ಹೊಟ್ಟೆಯ ಮೇಲಿನ ತಣ್ಣಗಿನ ಜಾಗವೊಂದು ನೆನಪಾಯಿತು. ಟೇಪು ತಾಗಬೇಕಾದಲ್ಲಿ ತಾಗಿದ್ದು ಟೇಪಲ್ಲ.

"ಎರಡು ಬೆರಳು ಯಾಕಿಟ್ಟೆ ಅಕ್ಕಾ?"

"ಸಡಿಲ ಬೇಡ್ವಾ? ಊಟ ಮಾಡೋ ಮನುಷ್ಯ ನೀನು."

"ನಾನೇನು ಪ್ಯಾಂಟು ಹೊಲಿಸ್ಕೊಳ್ತಿದೀನಾ?"

ಅಕ್ಕ ಟೇಪಿನ ಸುರುಳಿಯನ್ನು ಬಿಚ್ಚಿದಳು, ಮತ್ತೆ ಸುತ್ತಿದಳು. ಅವನು ಅವಳ ಕೈ ಹಿಡಿದು ಟೇಪನ್ನು ತನ್ನ ಸೊಂಟಕ್ಕೆ ಮತ್ತೆ ಸುತ್ತಿಸಿದ, ಬೆರಳುಗಳನ್ನು ಒಂದೊಂದಾಗಿ ಟೇಪಿನಡಿಯಿಂದ ಹೊರತೆಗೆದ. ಆಮೇಲೆ, ಎಷ್ಟೋ ದಿನಗಳಿಂದ ಬಿಗಿಹಿಡಿದದ್ದನ್ನೆಲ್ಲ ಬಿಟ್ಟ. ಹೊಟ್ಟೆ ತನ್ನ ನಿಜವಾದ ಜಾಗಕ್ಕೆ ನಾಚಿಕೆಯಿಲ್ಲದೆ ಬಂದು ನಿಂತಿತು. ಮೂವತ್ತೆಂಟೂವರೆ. ಮೊಬೈಲಿನಲ್ಲಿ ಇಪ್ಪತ್ತೇಳು. ಕೊಡಲು ಅವನು ಹೇಳಿದ ಸುಳ್ಳು, ತೆಗೆದುಕೊಳ್ಳದಿರಲು ಅವಳು ಹೇಳಿದ ಸುಳ್ಳು. ಅವೆರಡರ ನಡುವೆ ಅವನ ಹೊಟ್ಟೆ, ಇದ್ದಷ್ಟೇ ಇತ್ತು.

"ಯಂತ್ರ ನಂಗೆ ಅಭ್ಯಾಸ ಆಗಿದೆ ಕಣೋ" ಎಂದಳು ಅಕ್ಕ, ಮೆಲ್ಲಗೆ. "ನಿನ್ನನ್ನ ಕೊಯ್ಯೋದು ಅಭ್ಯಾಸ ಆಗಲ್ಲ."

ದರ್ಜಿ ಟೇಪನ್ನು ಅವಳ ಕೊರಳಿಗೆ ಹಾಕಿ, ಮ್ಯಾನೇಜರ ಬಟ್ಟೆ ಮೇಜಿನ ಮೇಲಿದೆ, ಕತ್ತರಿಸುವುದನ್ನು ಮರೆತಿಲ್ಲ ತಾನೇ ಎಂದು ಕೇಳಿದ. ಬೆಂಚಿನ ಕೆಳಗಿನಿಂದ ತನ್ನ ಹಳೆಯ ಬೂಟು ಎಳೆದುಕೊಂಡ. ಲೇಸು ಕಟ್ಟಲು ಬಗ್ಗಿದಾಗ ಹೊಟ್ಟೆ ಅಡ್ಡ ಬಂತು. ಅದನ್ನು ಪಕ್ಕಕ್ಕೆ ಸರಿಸಿಕೊಂಡು ಕಟ್ಟಿದ.

"ಎಲ್ಲಿಗೆ ಹೊರಟೆ? ಮಾತಾಡ್ತಿದೀನಿ ನಾನು. ಬಿಸಿಲು ನೋಡು ಹೊರಗೆ. ಎರಡು ಹೆಜ್ಜೆ ನಡೆದ್ರೆ ಇಳಿಯೋದಾಗಿದ್ರೆ ಪೋಸ್ಟ್‌ಮ್ಯಾನ್ ಯಾಕೆ ಹಾಗಿರ್ತಿದ್ದ? ಗುಂಡ, ನಿಂಗೇ ಹೇಳ್ತಿರೋದು, ಮೊದಲು ಇಲ್ಲಿ ಕೂತ್ಕೊಂಡು ನಾನು ಹೇಳೋದನ್ನ—"

ಅವನು ಆಗಲೇ ಮೆಟ್ಟಿಲಿಳಿದು, ಹೊಟ್ಟೆಯನ್ನು ಮುಂದೆ ಬಿಟ್ಟು, ಅದರ ಹಿಂದೆ ಹಿಂದೆಯೇ ಬೀದಿಯುದ್ದಕ್ಕೂ ಬಿರಬಿರನೆ ನಡೆದುಹೋಗುತ್ತಿದ್ದ.