ಅಕ್ಕನ ಬೆನ್ನಿಗೆ ಕೇಳಿಸಿದ ಹಾಡು

ಎಂಬತ್ತರ ದಶಕದಲ್ಲಿ ಅಜ್ಜಂಪುರದಲ್ಲಿ ಟೇಪ್‌ರೆಕಾರ್ಡರ್ ಇದ್ದವರೆಲ್ಲ ಒಂದು ಸ್ಪೀಕರ್ ತಂದು ಮಣ್ಣಿನ ಮಡಕೆಯ ಬಾಯಿಗೆ ಕೂರಿಸುತ್ತಿದ್ದರು. ಹಾಡು ಗುಂ ಅನ್ನಬೇಕು, ಪಕ್ಕದ ಮನೆಯವರ ಹೊಟ್ಟೆ ಉರಿಯಬೇಕು, ಅಷ್ಟೇ. ನಮ್ಮ ಮನೆಯಲ್ಲಿ ಆ ಮಡಕೆಯನ್ನು ತಬ್ಬಿಕೊಂಡು ಕೂರುತ್ತಿದ್ದವಳು ಅಕ್ಕ. ಚಿಕ್ಕಂದಿನಲ್ಲಿ ಜ್ವರ ಬಂದು ಅವಳ ಕಿವಿ ಪೂರ್ತಿ ಹೋಗಿತ್ತು. ಮಾತು ಉಳಿದಿತ್ತು. ನಮ್ಮ ತುಟಿ ನೋಡಿಯೇ ಎಲ್ಲ ತಿಳಿದುಕೊಳ್ಳುತ್ತಿದ್ದಳು. ಅವಳೆದುರು ಗುಟ್ಟು ಆಡುವ ಹಾಗಿರಲಿಲ್ಲ.

ಒಂದು ದಿನ ಅಪ್ಪ ಸ್ಪೀಕರನ್ನು ಕಿತ್ತು ಹಲಗೆ ಮಂಚದ ಅಡಿಗೆ ಸ್ಕ್ರೂ ಹಾಕಿ ಬಿಗಿದರು. ಅಕ್ಕ ಅಂಗಾತ ಮಲಗಿದಳು. ನಾನು ಹಾಡು ಹಾಕಿದೆ.

"ಲೇ, ಬತ್ತೈತೆ ಕಣೇ! ಬೆನ್ನೊಳಗೆ ತಬಲ ಬಡೀತಾವ್ರೆ!" ಅಂತ ಬೀದಿಗೆಲ್ಲ ಕೇಳುವ ಹಾಗೆ ಕೂಗಿದಳು. ಅಪ್ಪ ಟವಲಿನಿಂದ ಮುಖ ಒರೆಸಿಕೊಂಡರು. ಆಮೇಲೆ ದಿನಾ ಸಂಜೆ ನಾವಿಬ್ಬರೂ ಆ ಮಂಚದ ಮೇಲೇ. ಅವಳು ತಾಳ ಹಾಕುತ್ತಿದ್ದಳು, ಒಂದೂ ತಪ್ಪುತ್ತಿರಲಿಲ್ಲ. ನನ್ನದೇ ಎಲ್ಲೆಲ್ಲೋ ಹೋಗುತ್ತಿತ್ತು.

ಅಕ್ಕನಿಗೆ ಸಖರಾಯಪಟ್ಟಣಕ್ಕೆ ಮದುವೆಯಾಯಿತು. ಹೆಣ್ಣು ಮಗಳಿಗೆ ಹಳೇ ಮಂಚ ಕೊಟ್ಟು ಕಳಿಸುವುದುಂಟೇ ಅಂತ ಅವ್ವ ಹೊಸದನ್ನೇ ಮಾಡಿಸಿದಳು. ಅಪ್ಪ ಅದರ ಅಡಿಗೂ ಒಂದು ಸ್ಪೀಕರ್ ಬಿಗಿದರು. ಅವ್ವ ಅದರ ಮೇಲೆ ಮೊಳದೆತ್ತರ ಉಬ್ಬಿದ ಬೂರುಗದ ಹತ್ತಿಯ ಹಾಸಿಗೆ ಹಾಸಿದಳು. ಅದನ್ನು ದಾಟಿ ಹಾಡು ಬೆನ್ನಿಗೆ ತಲುಪುವುದು ಹೇಗೆ? ಹೊಸ ಸೊಸೆ ತವರಿನ ಹಾಸಿಗೆ ಸುತ್ತಿಟ್ಟು ಬರೀ ಹಲಗೆ ಮೇಲೆ ಮಲಗಿದರೆ ನೋಡಿದವರು ಏನಂದುಕೊಂಡಾರು! ಅಕ್ಕ ಆ ಹಾಸಿಗೆಯ ಮೇಲೇ ಮಲಗಿದಳು.

ಗೌರಿ ಹಬ್ಬಕ್ಕೆ ಬಂದವಳು ಕಾಲು ತೊಳೆದು ಸೀದಾ ಹಳೇ ಮಂಚಕ್ಕೆ ಹೋದಳು. ಹಲಗೆಗೆ ಕೆನ್ನೆ ಊರಿ, ಕಣ್ಣು ಮುಚ್ಚಿ, "ಹಾಕೇ" ಅಂದಳು.

ಕರೆಂಟು ಇರಲಿಲ್ಲ. ಕಣ್ಣು ಮುಚ್ಚಿದವಳಿಗೆ ಅದನ್ನು ಹೇಗೆ ಹೇಳಲಿ? ಅಲುಗಿಸಿ ಎಬ್ಬಿಸಲು ಮನಸ್ಸು ಬರಲಿಲ್ಲ. ಮಂಚದ ಕೆಳಗೆ ತೂರಿ, ನೆನಪಿದ್ದ ಹಾಗೆ ಹಲಗೆಗೆ ಗುದ್ದತೊಡಗಿದೆ. ನೋಡುತ್ತಾ ನಿಂತಿದ್ದ ಅಪ್ಪನೂ ಮಂಡಿಯೂರಿ ಇನ್ನೊಂದು ತುದಿ ಬಡಿದರು.

ಅಕ್ಕನ ಕೈ ಕೆಳಗಿಳಿದು ಬಂದು ನನ್ನ ಮುಷ್ಟಿ ಹಿಡಿಯಿತು. "ಅಲ್ಲಿ ತಪ್ಪೋಯ್ತು ಕಣೇ. ಮೊದ್ಲಿಂದ ಹೊಡಿ."

ಮೊದಲಿಂದ ಹೊಡೆದೆವು. ಸ್ವಲ್ಪ ಹೊತ್ತಿಗೆ ಬಲ್ಬು ಹತ್ತಿಕೊಂಡಿತು. ಟೇಪ್ ಹಾಕು ಅಂತ ಅವಳು ಕೇಳಲಿಲ್ಲ, ನಾವೂ ನಿಲ್ಲಿಸಲಿಲ್ಲ.

ಅಕ್ಕ ತೀರಿಹೋಗಿ ವರ್ಷಗಳಾದವು. ಇನ್ನೊಂದೇ ಒಂದು ಸಲ ಅವಳು ನನಗೆ ತಪ್ಪೋಯ್ತು ಅನ್ನಲಿ ಅಂತ ಜೀವ ಹಂಬಲಿಸುತ್ತದೆ.