ಸಾವುಕಾರರ ಮಗನ ಹೆಸರಿನಲ್ಲಿ

ಮೊನ್ನೆ ಅಂಗಡಿಯಲ್ಲಿ ಹೊಸ ಕಾಟನ್ ಸೀರೆಯೊಂದರ ಮಡಿಕೆ ಬಿಚ್ಚಿದೆ. ಗಂಜಿಯ ವಾಸನೆ ಮೂಗಿಗೆ ಬಡಿಯಿತು. ಬನಹಟ್ಟಿಯ ಆ ಆಫೀಸು, ಗೋಡೆಯಾಚೆ ಬಡಿಯುತ್ತಿದ್ದ ಮಗ್ಗಗಳು, ಪಕ್ಕದ ಕುರ್ಚಿಯ ಅಕ್ಕ... ಸೀರೆ ಕೊಳ್ಳದೆ ಎದ್ದು ಬಂದೆ.

ಸೀರೆ ವ್ಯಾಪಾರದ ಸಾವುಕಾರರಲ್ಲಿ ನಾನು ಬಿಲ್ ಬರೆಯುತ್ತಿದ್ದೆ. ಅಲ್ಲೇ ಲೆಕ್ಕ ನೋಡುತ್ತಿದ್ದವಳನ್ನು ಅಕ್ಕ ಎಂದು ಕರೆಯುತ್ತಿದ್ದೆ; ನನಗಿಂತ ಹಿರಿಯಳು, ಜಮಖಂಡಿಯಲ್ಲಿ ಬಿ.ಕಾಂ. ಓದಿದವಳು. ಊರಿಗೆ ಇಂಟರ್‌ನೆಟ್ ಬಂದ ಹೊಸದರಲ್ಲಿ ಸಾವುಕಾರರ ಮಗ ಒಂದು ಸಾಫ್ಟ್‌ವೇರ್ ತಂದ. ಯಾವ ಊರಲ್ಲಿ ಯಾವ ಬಣ್ಣ ಓಡುತ್ತದೆ, ಯಾವ ಅಂಚಿನ ಸೀರೆ ಗೋದಾಮಿನಲ್ಲೇ ಕೊಳೆಯುತ್ತದೆ ಎಂಬುದನ್ನು ಅದು ಚಿತ್ರ ಬರೆದು ತೋರಿಸುತ್ತಿತ್ತು. ತಂದವನಿಗೆ ವಾರದಲ್ಲೇ ಬೇಜಾರು ಬಂತು. ಅಕ್ಕ ಪಟ್ಟು ಹಿಡಿದು ಕಲಿತಳು.

ಅದನ್ನು ಬಳಸುವವರದೇ ಒಂದು ಬಳಗ ಇಂಟರ್‌ನೆಟ್ಟಿನಲ್ಲಿತ್ತು. ಅಡಚಣೆ ಬಂದವರು ಕೇಳುವುದು, ಗೊತ್ತಿದ್ದವರು ಹೇಳುವುದು. ಸೂರತ್ತಿನ ವ್ಯಾಪಾರಿಯೊಬ್ಬನ ಮಾರಾಟ ಸುಮ್ಮಸುಮ್ಮನೆ ಉಬ್ಬಿ ಕಾಣುತ್ತಿತ್ತು. ಮದುವೆ ಹಂಗಾಮು ಮುಗಿದ ಮೇಲೆ ಅಂಗಡಿಗಳಿಂದ ವಾಪಸು ಬಂದ ಸೀರೆಗಳನ್ನು ಲೆಕ್ಕದಿಂದ ಕಳೆದಿಲ್ಲ ನೋಡಿ, ಎಂದು ಅಕ್ಕ ಬರೆದಳು. ಅಲ್ಲಿಂದ ಶುರು. ದಿನಾ ಊಟದ ಬಿಡುವಿನಲ್ಲಿ ಒಂದು ಕೈಯಲ್ಲಿ ರೊಟ್ಟಿ, ಇನ್ನೊಂದು ಕೀಬೋರ್ಡಿನ ಮೇಲೆ. ನಮ್ಮಲ್ಲಿ ಪಾರ್ಸೆಲ್ಲು, ಫೋನು, ದೀಪಾವಳಿ ಕಾರ್ಡು ಎಲ್ಲವೂ ಸಾವುಕಾರರ ಮನೆಯ ಹೆಸರಲ್ಲೇ. ಬಳಗದ ಖಾತೆಯೂ ಮಗನ ಹೆಸರಲ್ಲೇ ಇತ್ತು. ಎಲ್ಲರೂ ಅಕ್ಕನಿಗೆ 'ಸರ್, ಸರ್' ಎಂದು ಬರೆಯುವುದನ್ನು ಓದಿ ಇಬ್ಬರೂ ಬಿದ್ದು ಬಿದ್ದು ನಗುತ್ತಿದ್ದೆವು.

ಒಂದು ಬೇಸಿಗೆ ಪುಣೆಯಿಂದ ಕರೆ ಬಂತು. ಬಳಗದವರೆಲ್ಲ ಅಲ್ಲಿ ಸೇರುತ್ತಾರೆ, ಹೆಚ್ಚು ನೆರವಾದವರಿಗೆ ಸನ್ಮಾನ. ಅಕ್ಕ ಹೊಸ ಚಪ್ಪಲಿ ತಂದಳು.

"ಆ ಸೂರತ್ತಿನಾಂವನೂ ಬರ್ತಾನಂತ. ನಾ ಹೆಣ್ಮಗಳು ಅಂತ ಗೊತ್ತಾದಾಗ ಅಂವನ ಮಾರಿ ನೋಡಬೇಕ ನೋಡ," ಅಂದಳು.

ಸಾವುಕಾರರು ನಕ್ಕುಬಿಟ್ಟರು. "ಹೆಸರು ನಮ್ಮ ಹುಡುಗಂದ ಐತಲ್ಲ ತಂಗಿ. ನೀ ಹೋಗಿ ಯಾರಂತ ಹೇಳಾಕಿ? ಅಂವ ಹೋಗಿ ಬರ್ತಾನ."

ನನಗೆ ತಡೆಯಲಾಗಲಿಲ್ಲ. "ಉತ್ತರ ಎಲ್ಲಾ ಬರೆದಾಕಿ ಅಕ್ಕಾರೀ," ಅಂದೆ.

"ಪಗಾರ ಕೊಡಾಂವ ನಾನಲ್ಲೇನು?" ಅಂದು ಫೋನು ಎತ್ತಿಕೊಂಡರು.

ಮಗ ಹೋದ, ಬಂದ. ಗಾಜಿನ ಫಲಕ ಲಕ್ಷ್ಮಿಯ ಫೋಟೋ ಪಕ್ಕ ಕೂತಿತು. ಅಲ್ಲಿ ತನಗೆ ಹೊದಿಸಿದ ಶಾಲನ್ನು ಅಕ್ಕನ ಮೇಜಿನ ಮೇಲಿಟ್ಟು, "ಇದು ನಿಮಗ ಇರ್ಲಿ ಅಕ್ಕಾರ," ಅಂದ. ಎಂಥ ಧಾರಾಳ! ಮಗ್ಗದ ನೂಲಿನ ಧೂಳು ಕೂರದಿರಲೆಂದು ಅಕ್ಕ ಅದನ್ನು ಕಂಪ್ಯೂಟರಿಗೆ ಹೊದಿಸಿದಳು. ಆಮೇಲೆ ಬಳಗಕ್ಕೆ ಒಂದಕ್ಷರ ಬರೆಯಲಿಲ್ಲ. ಪ್ರಶ್ನೆಗಳು ರಾಶಿ ಬಿದ್ದವು. ಉತ್ತರ ಕೊಡಿ ಎಂದು ಮಗ ಬಂದು ಗೋಗರೆದ.

"ನಿಮ್ಮನ್ನ ಕೇಳ್ಯಾರ್ರಿ. ನೀವ ಹೇಳ್ರಿ," ಅಂದಳು.

ಹಂಗಾಮು ಮುಗಿಯುತ್ತಲೇ ಅವಳನ್ನು ಕೆಲಸದಿಂದ ಬಿಡಿಸಿದರು. ಆ ಮನೆಯವರ ಮೇಲಿನ ನನ್ನ ಸಿಟ್ಟು ಇವತ್ತಿಗೂ ಇಳಿದಿಲ್ಲ, ಇಳಿಯುವುದೂ ಬೇಡ.

ಅಕ್ಕ ತೀರಿಕೊಂಡು ವರ್ಷವಾಗುತ್ತ ಬಂತು. ಸುದ್ದಿ ಕೇಳಿದ ದಿನ ಬಳಗದ ಪುಟ ತೆರೆದೆ. ಅವಳಿಂದ ಕಲಿತವರು ಇನ್ನೂ ಅಲ್ಲಿದ್ದಾರಲ್ಲ, ಒಂದು ಮಾತು ತಿಳಿಸೋಣ ಅನ್ನಿಸಿತು... ಅವಳ ಹೆಸರು ಬರೆದು, ಇಲ್ಲವಾದರು ಎಂದು ಹಾಕಿದೆ. ಯಾರಿವರು ಎಂದು ಸೂರತ್ತಿನವನೇ ಕೇಳಿದ. ಆದದ್ದನ್ನೆಲ್ಲ ಬಿಡಿಸಿ ಬರೆದೆ. ಅವನು ನಂಬಲಿಲ್ಲ.

'ತಪ್ಪು ತಿಳಿದಿದ್ದೀರಿ. ಸರ್ ಅವರನ್ನು ಪುಣೆಯಲ್ಲಿ ನಾನೇ ಕಂಡು ಕೈ ಕುಲುಕಿದ್ದೇನೆ' ಎಂದು ಬರೆದ.