ನೋಡದೆ ಕಳಿಸಿದ ವಿಡಿಯೋ

ಮೊದಲ ಸಲ ಬರೆಯುತ್ತಿದ್ದೇನೆ, ತಪ್ಪಿದ್ದರೆ ಮನ್ನಿಸಿ. ಮಿಕ್ಸರ್ ರಿಪೇರಿಗೆಂದು, ಅದೇ ನನ್ನ ಕೆಲಸ, ಯಲ್ಲಾಪುರದಿಂದ ಮಂಚಿಕೇರಿಗೆ ಆಟೋ ಹಿಡಿದಿದ್ದೆ. ನರೆತ ಗಡ್ಡದ ಚಾಲಕರು ದಾರಿಯಲ್ಲಿ ಗಾಡಿ ನಿಲ್ಲಿಸಿ ಮೊಬೈಲ್ ತೋರಿಸಿದರು. ‘ಮಕ್ಕಳ ಕಳ್ಳ, ಹುಷಾರು’ ಎಂಬ ವಿಡಿಯೋ. ಅಳುವ ಹುಡುಗಿಯೊಬ್ಬಳನ್ನು ಅವರೇ ಇದೇ ಆಟೋದೊಳಗೆ ಎತ್ತಿ ಕೂರಿಸುತ್ತಿದ್ದರು; ಹಿಂದೆ ಎದೆ ನಡುಗಿಸುವ ಸಂಗೀತ.

“ನನ್ನ ಮೊಮ್ಮಗಳು ಮಾರಾಯ್ರೆ. ಶಾಲೆಗೆ ಹೋಗಲ್ಲ ಅಂತ ಅಳ್ತಿತ್ತು. ಮೊನ್ನೆ ಜನ ಸೇರಿ ಗಾಜು ಒಡೆದ್ರು. ಇವತ್ತು ನೀವೊಬ್ರೇ ಹತ್ತಿದ್ದು. ಇದನ್ನ ನೋಡಿಲ್ವಾ?”

“ಇಲ್ಲ” ಎಂದೆ. ಅದು ನಿಜವೇ. ಬೆಳಗಿನ ಶುಭೋದಯದ ಹೂವುಗಳ ಜೊತೆ, ತಲೆಬರಹ ಮಾತ್ರ ಓದಿ, ಅದನ್ನು ಮೂರು ವಾಟ್ಸಾಪ್ ಗುಂಪಿಗೆ ಕಳಿಸಿದ್ದೆ.

ಅವರಿಗೆ ಹೇಳಲಿಲ್ಲ. ಮನೆಗೆ ಬಂದು ಮೂರೂ ಗುಂಪಿಗೆ “ಅದು ಸುಳ್ಳು, ಹುಡುಗಿ ಆ ಆಟೋದವರ ಮೊಮ್ಮಗಳು” ಎಂದು ಬರೆದು ಹಾಕಿದೆ. ಎರಡು ಹೆಬ್ಬೆರಳು ಬಂದವು. ಮುಂದಕ್ಕೆ ಯಾರೂ ಕಳಿಸಲಿಲ್ಲ.